ವಿಕ್ಸ್‌ಬರ್ಗ್‌ಗೆ ಒಂದೇ ವಾಕ್ಯನಾ?

ನಿನ್ನೆ ರಾತ್ರಿ ಅಮೆರಿಕದ ಅಂತರ್ಯುದ್ಧದ (ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದದ್ದು) ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದೆ. ಪೂರ್ವದ ಗೆಟಿಸ್‌ಬರ್ಗ್ ಕದನಕ್ಕೆ ಮುಕ್ಕಾಲು ಗಂಟೆ. ವಿಕ್ಸ್‌ಬರ್ಗ್‌ಗೆ ಒಂದೇ ವಾಕ್ಯ. "ಅದೇ ಹೊತ್ತಿಗೆ ಪಶ್ಚಿಮದಲ್ಲಿ ವಿಕ್ಸ್‌ಬರ್ಗ್ ಕೂಡ ಬಿತ್ತು." ಆ 'ಕೂಡ' ಕೇಳಿ ಮೈಯೆಲ್ಲ ಉರಿದುಹೋಯಿತು. ನನ್ನ ನಕ್ಷೆಯ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಸುಮ್ನೆ ಇರಲು ಆಗಲಿಲ್ಲ.

ಮಿಸಿಸಿಪ್ಪಿ ನದಿ ಆಗ ದಕ್ಷಿಣದವರ ಕೈಲಿದ್ದ ಆ ಊರಿನ ಮುಂದೆ ಹೇರ್‌ಪಿನ್ನಿನ ಹಾಗೆ ಬಾಗಿ ಹರಿಯುತ್ತಿತ್ತು. ಊರು ಇದ್ದದ್ದು ಸುಮಾರು 200 ಅಡಿ ಎತ್ತರದ ದಿಬ್ಬದ ಮೇಲೆ. ತಿರುವಿನಲ್ಲಿ ಹಡಗು ನಿಧಾನ ಆಗಲೇಬೇಕು, ನಿಧಾನ ಆದರೆ ಮೇಲಿನ ಫಿರಂಗಿಗಳಿಗೆ ಸಿಕ್ಕಿಬೀಳಲೇಬೇಕು. ಕೆಳಗಿನಿಂದ ಅಷ್ಟು ಎತ್ತರಕ್ಕೆ ಗುಂಡು ಹಾರಿಸುವುದೂ ಕಷ್ಟ. 1862ರಲ್ಲಿ ನ್ಯೂ ಆರ್ಲಿಯನ್ಸ್ ಗೆದ್ದು ಬಂದ ಉತ್ತರದ ಫ್ಯಾರಗಟ್‌ನ ನೌಕಾಪಡೆ ಇಲ್ಲಿ ಬರಿಗೈಲಿ ವಾಪಸ್ಸಾಯಿತು. ಆಮೇಲೆ ಉತ್ತರದ ಸೇನಾಪತಿ ಗ್ರಾಂಟ್‌ನ ಸೈನಿಕರು ತಿರುವನ್ನೇ ತಪ್ಪಿಸೋಣ ಅಂತ ಕಾಲುವೆ ತೋಡಿದರು. ನದಿ ಉಕ್ಕಿ ಬಂದು ಅದೂ ಹಾಳಾಯಿತು.

"ಅದೇ ನದಿಯ ದಡದ ಮೆಂಫಿಸ್, ನ್ಯೂ ಆರ್ಲಿಯನ್ಸ್ ಎರಡೂ ಆಗಲೇ ಉತ್ತರದವರ ಕೈಲಿದ್ದವಲ್ಲ, ಇದೊಂದು ಊರು ಉಳಿದರೇನು?" ಅಂತ ಕೇಳುವವರಿದ್ದಾರೆ. ಅವರು ಪಶ್ಚಿಮದಿಂದ ಹರಿದು ಬರುವ ರೆಡ್ ರಿವರ್ ಮಿಸಿಸಿಪ್ಪಿಗೆ ಎಲ್ಲಿ ಬಂದು ಸೇರುತ್ತದೆ ಅಂತ ನೋಡಬೇಕು. ವಿಕ್ಸ್‌ಬರ್ಗ್‌ಗೂ ನದಿಯಲ್ಲಿ ಅದರ ಕೆಳಗಿದ್ದ ದಕ್ಷಿಣದವರ ಇನ್ನೊಂದು ನೆಲೆ ಪೋರ್ಟ್ ಹಡ್ಸನ್‌ಗೂ ನಡುವೆ! ಟೆಕ್ಸಾಸ್, ಲೂಸಿಯಾನಾ ಕಡೆಯ ದನ, ಉಪ್ಪು, ಸಕ್ಕರೆ ಪೂರ್ವಕ್ಕೆ ದಾಟಲು ದಕ್ಷಿಣದವರಿಗೆ ಉಳಿದಿದ್ದದ್ದು ಆ ತುಂಡು ನದಿ ಮಾತ್ರ. ಉತ್ತರದ ರೈತರ ಧಾನ್ಯ ಸಮುದ್ರಕ್ಕೆ ಇಳಿಯದ ಹಾಗೆ ತಡೆದಿದ್ದೂ ಅದೇ ತುಂಡು. ಉಳಿದ ನದಿಯೆಲ್ಲ ನಿಮ್ಮದಾಗಿದ್ದು, ಗಂಟಲು ಮಾತ್ರ ಶತ್ರುವಿನ ಕೈಲಿದ್ದರೆ ಏನು ಬಂತು?

1863ರ ಏಪ್ರಿಲ್ 16ರ ರಾತ್ರಿಯನ್ನಾದರೂ ತೋರಿಸಬಹುದಿತ್ತು. ಉತ್ತರದ ಅಡ್ಮಿರಲ್ ಪೋರ್ಟರ್‌ನ ಹಡಗುಗಳು ದೀಪ ಆರಿಸಿಕೊಂಡು ಹೊರಟವು. ಬಾಯ್ಲರ್‌ಗಳಿಗೆ ಗುಂಡು ತಾಗದಿರಲಿ ಅಂತ ಸುತ್ತ ಹತ್ತಿಯ ಮೂಟೆ, ಹುಲ್ಲಿನ ಹೊರೆ. ದಡದಲ್ಲಿದ್ದವರು ಟಾರ್ ಪೀಪಾಯಿಗಳಿಗೆ, ಮನೆಗಳಿಗೆ ಬೆಂಕಿ ಇಟ್ಟು ನದಿಯನ್ನೇ ಬೆಳಗಿಸಿದರು. ಒಂದು ಸಾಗಣೆ ಹಡಗು ಸುಟ್ಟುಹೋಯಿತು, ಮಿಕ್ಕವು ದಾಟಿದವು. ಇಳಿಯುವಾಗ ಸೆಳವು ಜೊತೆಗಿರುತ್ತದೆ. ವಾಪಸ್ ಬರಬೇಕಾದರೆ ಅದೇ ಸೆಳವಿಗೆ ಎದುರಾಗಿ, ಅದೇ ಫಿರಂಗಿಗಳ ಕೆಳಗೆ ಆಮೆಯ ಹಾಗೆ ತೆವಳಬೇಕು. ಅಂದರೆ ಹೋದವರು ಗೆದ್ದೇ ಬರಬೇಕು. ಏಪ್ರಿಲ್ 30ಕ್ಕೆ ಗ್ರಾಂಟ್ ಆ ಹಡಗುಗಳಲ್ಲೇ ಸೈನ್ಯವನ್ನು ನದಿಯ ಪೂರ್ವ ದಡಕ್ಕೆ ದಾಟಿಸಲು ಶುರು ಮಾಡಿದ. ಮೇ 14ಕ್ಕೆ ಊರಿನ ಪೂರ್ವಕ್ಕಿದ್ದ ಜಾಕ್ಸನ್ ಪಟ್ಟಣ ಹಿಡಿದು ರೈಲು ದಾರಿ ಕಡಿದು, ವಿಕ್ಸ್‌ಬರ್ಗ್‌ನ ಬೆನ್ನ ಹಿಂದೆ ಬಂದು ನಿಂತ.

ನಾನೂ ಎಷ್ಟೋ ವರ್ಷ ಗ್ರಾಂಟ್ ಅಂದರೆ ಬರೀ ಜನಬಲದಿಂದ ಗೆದ್ದವನು ಅಂದುಕೊಂಡಿದ್ದೆ. ಈ ಒಂದು ತಿಂಗಳ ನಡೆಯನ್ನು ನಕ್ಷೆಯ ಮೇಲೆ ಬೆರಳಿಟ್ಟು ನೋಡಿದ ದಿನ ನನಗೇ ನಾಚಿಕೆ ಆಯಿತು. ಅವನು ಒಳನಾಡಿಗೆ ತಿರುಗಿದ್ದು ಲಿಂಕನ್‌ಗೂ ತಪ್ಪು ಅನ್ನಿಸಿತ್ತು. ಗ್ರಾಂಟ್ ಗೆದ್ದ ಮೇಲೆ ಲಿಂಕನ್, ನೀವೇ ಸರಿ, ನಾನೇ ತಪ್ಪು ಅಂತ ಪತ್ರ ಬರೆದ. ಅಧ್ಯಕ್ಷನಾಗಿದ್ದೂ ಹಾಗೆ ಬರೆಯಲು ದೊಡ್ಡ ಮನಸ್ಸು ಬೇಕು ಅಲ್ವಾ?

ಗೆಟಿಸ್‌ಬರ್ಗ್‌ನಲ್ಲಿ ಸತ್ತವರ ಲೆಕ್ಕ ದೊಡ್ಡದು, ಒಪ್ಪುತ್ತೇನೆ. ಆದರೆ ಅಲ್ಲಿ ಸೋತ ದಕ್ಷಿಣದ ಸೇನಾಪತಿ ಲೀ ತನ್ನ ಸೈನ್ಯ ಕಟ್ಟಿಕೊಂಡು ಹೋದ, ಇನ್ನೂ ಎರಡು ವರ್ಷದ ಹತ್ತಿರ ಕಾದಾಡಿದ. ವಿಕ್ಸ್‌ಬರ್ಗ್‌ನಲ್ಲಿ ಜುಲೈ 4ರಂದು ಇಡೀ ಸೈನ್ಯವೇ, ಸುಮಾರು 29,000 ಜನ, ಶರಣಾಯಿತು. ಐದು ದಿನಕ್ಕೆ ಪೋರ್ಟ್ ಹಡ್ಸನ್ ಕೂಡ ಬಿತ್ತು. ನೋಡಿ, 'ಕೂಡ' ಹಾಕಬೇಕಾದ್ದು ಇಲ್ಲಿ! ದಕ್ಷಿಣ ಎರಡು ಹೋಳಾಯಿತು.

47 ದಿನದ ಮುತ್ತಿಗೆಯಲ್ಲಿ ಊರಿನ ಹೆಂಗಸರು, ಮಕ್ಕಳು ದಿಬ್ಬದಲ್ಲಿ ಗುಹೆ ತೋಡಿಕೊಂಡು ಬದುಕಿದರು. ಕೊನೆಗೆ ಹೇಸರಗತ್ತೆಯ ಮಾಂಸ ತಿಂದರು. ಕಾಗದ ಮುಗಿದಾಗ ಊರಿನ ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಚಿತ್ತಾರದ ಹಾಳೆಗಳ ಹಿಂಬದಿಯಲ್ಲಿ ಅಚ್ಚು ಹಾಕಿದರು. ಒಂದು ಕಡೆ ಸುದ್ದಿ, ಇನ್ನೊಂದು ಕಡೆ ಯಾರದೋ ಮನೆಯ ಗೋಡೆಗೆ ಹೋಗಬೇಕಿದ್ದ ಚಿತ್ತಾರ. ಆ ಒಂದು ಹಾಳೆಯನ್ನು ಅರ್ಧ ನಿಮಿಷ ತೋರಿಸಿದ್ದರೂ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ.