ಘಾಟಿಯಲ್ಲಿ ನಿಲ್ಲುವ ಗಾಡಿ, ಗ್ಯಾರೇಜಿನಲ್ಲಿ ಸರಿ

ಆಗುಂಬೆಯ 14 ತಿರುವು ಹತ್ತುವಾಗ ಹಳೇ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಸ್ಪೋರ್ಟ್ಸ್ ಕಾರು ಗಕ್ಕನೆ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಶಿವಮೊಗ್ಗಕ್ಕೆ ತಂದು ತೋರಿಸಿದರೆ ತಣ್ಣಗಿರುವ ಎಂಜಿನ್ನಿನ ಸದ್ದು ಕೇಳಿ ‘ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ತೊಳೆಸಿ’ ಅನ್ನುತ್ತಾರೆ. ಹೊಟ್ಟೆ ಉರಿಯುವುದು ಇಲ್ಲೇ! ಬಿಸಿಯಾದಾಗ ಬರುವ ಕಾಯಿಲೆಯನ್ನು ತಣ್ಣಗಿದ್ದಾಗ ಹುಡುಕಿದರೆ ಸಿಗುತ್ತದೆಯೇ?

ನಿಂತ ಜಾಗದಲ್ಲೇ ನೋಡಬೇಕು. ಮೊದಲು ಕಿಡಿ. ಒಂದು ಪ್ಲಗ್ ವೈರಿಗೆ ಸ್ಪಾರ್ಕ್ ಟೆಸ್ಟರ್ ಹಾಕಿ ಸ್ಟಾರ್ಟರ್ ತಿರುಗಿಸಿ. ಕಿಡಿ ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಭಾಗ) ಮೇಲೆ ಅನುಮಾನ: ಕಾದಾಗ ಒಳಗಿನ ಸುತ್ತುಗಳ ಇನ್ಸುಲೇಷನ್ ಕೈಕೊಡುತ್ತದೆ, ಆರಿದರೆ ಮತ್ತೆ ಸರಿ. ಮಲ್ಟಿಮೀಟರಿನಲ್ಲಿ ಪ್ರೈಮರಿಯ, ಅಂದರೆ ಕಾಯಿಲಿನೊಳಗೆ ಬ್ಯಾಟರಿ ಕಡೆಯ ಸುತ್ತಿನ, ರೋಧವನ್ನು ಬಿಸಿಯಿರುವಾಗಲೇ ಅಳೆಯಿರಿ. ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ಹೊರಗಿನ ರೆಸಿಸ್ಟರ್) ಇಲ್ಲದ ಕಾಯಿಲ್ ಸುಮಾರು 3 ಓಮ್, ಬ್ಯಾಲಸ್ಟ್ ಇರುವುದು ಸುಮಾರು 1.5. ಅಳತೆ ಸರಿ ಬಂದರೂ ಕಾಯಿಲ್ ನಿರಪರಾಧಿ ಅಲ್ಲ. ಸರಿಯಿರುವ ಇನ್ನೊಂದನ್ನು ಹಾಕಿ ನೋಡುವುದೇ ಖಾತ್ರಿ. ಕಾಯಿಲ್ ಜೊತೆ ಕೆಲಸ ಮಾಡುವ ಪುಟ್ಟ ಕೆಪಾಸಿಟರ್ ಆದ ಕಂಡೆನ್ಸರ್ ಕೂಡ ಇದೇ ಜಾತಿ, ಕಾದಾಗ ಕೈಕೊಡುತ್ತದೆ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಟ್ಯಾಂಕ್ ಮುಚ್ಚಳ ತೆರೆದಾಗ ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ, ಪೆಟ್ರೋಲ್ ಸರಿಯಾಗಿ ಹೊರಬರುವುದಿಲ್ಲ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಚೂರು ಉದುರುತ್ತದೆ, ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾದುಹೋಗುವ ಸಣ್ಣ ತೂತು) ಕಟ್ಟುತ್ತದೆ.

ಮಳೆಗಾಲದಲ್ಲಿ ಮಾತ್ರ ಎಂಜಿನ್ ಮಿಸ್ ಹೊಡೆದರೆ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್ ಬಿಚ್ಚಿ ಕೂದಲೆಳೆಯಂಥ ಕಪ್ಪು ಬಿರುಕು ಹುಡುಕಿ. ಕತ್ತಲಲ್ಲಿ ವೈರುಗಳ ಮೇಲೆ ನೀರು ಸಿಂಪಡಿಸಿದರೆ ಸೋರುವ ಕಿಡಿ ಕಣ್ಣಿಗೇ ಕಾಣುತ್ತದೆ, ಕೈ ಮಾತ್ರ ದೂರ ಇಡಿ. ಇಷ್ಟನ್ನೂ ನೋಡದೆ ಒಂದೇ ದಿನ ಐದು ಪಾರ್ಟು ಬದಲಿಸಬೇಡಿ, ದಯವಿಟ್ಟು. ಕೆಟ್ಟದ್ದು ಯಾವುದೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.