ಎಂಜಲು ಕೊಳಲು

ಕೊಳಲಿಗೆಂದು ನಮ್ಮ ಮನೆಯಲ್ಲಿ ಮಂಜೂರಾದ ಮೊತ್ತ 500 ರೂಪಾಯಿ. ನಾನು ಕೇಳಿದ್ದು 2000. ಕಡಿತಕ್ಕೆ ಹೆಂಡತಿ ಕೊಟ್ಟ ಕಾರಣ ಅಟ್ಟದ ಮೇಲಿತ್ತು: ಒಂದು ಕೇರಂ ಬೋರ್ಡು, ಜೊತೆ ತಪ್ಪಿದ ಒಂದು ಡಂಬೆಲ್, ಮುಚ್ಚಳ ತೆರೆಯದ ಬಣ್ಣದ ಪೆಟ್ಟಿಗೆ. "ಇವುಗಳ ಪಕ್ಕದಲ್ಲಿ ಮಲಗುವುದಕ್ಕೆ ಐನೂರರ ಕೊಳಲು ಸಾಕುರೀ" ಎಂದಳು. ಇಪ್ಪತ್ತೆರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಸವೆದ ನನಗೆ, ಪುರಾವೆಸಮೇತ ಬಂದ ಆಕ್ಷೇಪಣೆಗೆ ಉತ್ತರ ಬರೆಯಬಾರದು ಎಂಬುದು ಗೊತ್ತು.

ಈ ಆಸೆ ಹಳೆಯದು. ಚಿಕ್ಕವನಿದ್ದಾಗ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಒಬ್ಬ ಬರುತ್ತಿದ್ದ. ಹುಲ್ಲು ಸುತ್ತಿದ ಕೋಲಿನ ತುಂಬ ಕೊಳಲು ಚುಚ್ಚಿಕೊಂಡು, ಒಂದನ್ನು ಊದುತ್ತ ನಡೆಯುತ್ತಿದ್ದ. ಆ ಹಾಡಿಗೆ ಮರುಳಾಗಿ ಅಪ್ಪನನ್ನು ಪೀಡಿಸಿ, ಅವನ ಬಾಯಲ್ಲಿದ್ದ ಕೊಳಲೇ ಬೇಕೆಂದು ಹಟ ಹಿಡಿದು ಕೊಂಡೆ. ಮನೆಗೆ ತಂದು ಊದಿದರೆ ಕುಕ್ಕರಿನ ಹಬೆ ಬಿಟ್ಟಂತೆ ಬರೀ ಗಾಳಿ. ಹಾಡನ್ನು ಅವನು ತನ್ನ ಬಳಿಯೇ ಇಟ್ಟುಕೊಂಡಿದ್ದ. ಅಂದಿನ ಬಾಕಿಯನ್ನು ನಲವತ್ತೆಂಟನೆಯ ವಯಸ್ಸಿನಲ್ಲಿ ತೀರಿಸಲು ಹೊರಟೆ.

ಮೇಷ್ಟ್ರು ಸಿಕ್ಕಿದ್ದು ಸುಲಭವಾಗಿ. ನಮ್ಮ ಹಿಂದಿನ ಬೀದಿಯಲ್ಲೇ ಭಾನುವಾರದ ಪಾಠ. ಮೊದಲ ದಿನ ಕೊಳಲಿಲ್ಲದೆ ಹೋದವನಿಗೆ ಒಂದು ಖಾಲಿ ಬಾಟಲಿ ಕೊಟ್ಟು, ಬಾಯಂಚಿಗೆ ತುಟಿಯಿಟ್ಟು ಅಡ್ಡಲಾಗಿ ಊದಿ ಎಂದರು. ಗಾಳಿ ಅಂಚಿಗೆ ಬಡಿದು ಸೀಳಿದರೆ ಮಾತ್ರ ನಾದವಂತೆ. ಒಳಗೆ ತುಂಬಿದರೆ ಬರೀ ಉಸಿರು ದಂಡ. ಬೆಳಗ್ಗೆ ಆರಕ್ಕೆ ಬಾಲ್ಕನಿಯಲ್ಲಿ ನಿಂತು ಖಾಲಿ ಬಾಟಲಿಯನ್ನು ತುಟಿಗೊತ್ತಿಕೊಂಡು, ತಲೆ ತಿರುಗಿ ಕಂಬಿ ಹಿಡಿದುಕೊಳ್ಳುತ್ತಿದ್ದ ನನ್ನನ್ನು ಎದುರು ಮನೆಯವರು ವಾರವಿಡೀ ನೋಡಿದರು. ಅವರು ಮಾತು ನಿಲ್ಲಿಸಿ ಈಗ ಮೂರು ತಿಂಗಳಾಯಿತು.

"ಐದು ಮನೆ ಶ್ರುತಿಯ ಕೊಳಲು ತನ್ನಿ" ಎಂದರು ಮೇಷ್ಟ್ರು. ಒಂದು ಮನೆಯ ಕಂತು ಕಟ್ಟುವಷ್ಟರಲ್ಲೇ ಹೈರಾಣಾದವನಿಗೆ ಐದು ಮನೆ ಎಂದಾಗ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು: ಹಾರ್ಮೋನಿಯಂನ ಬಿಳಿಯ ಮನೆಗಳನ್ನು ಒಂದರಿಂದ ಎಣಿಸಿದರೆ ಐದನೆಯದು ಎಷ್ಟು ಎತ್ತರದ ಸ್ವರವೋ ಅದೇ ಈ ಕೊಳಲಿನ ಷಡ್ಜ, ಅಂದರೆ 'ಸ'. ಜೊತೆಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. "ನಮ್ಮದು ಕರ್ನಾಟಕ ಸಂಗೀತ. ಎಂಟು ತೂತಿನದು ಬೇಕು. ಎಣಿಸಿ ತನ್ನಿ."

ಎಣಿಸುವುದನ್ನು ನನಗೆ ಹೇಳಿಕೊಡಬೇಕೇ ಎಂದು ಒಳಗೊಳಗೇ ನಕ್ಕೆ.

ಬಳೇಪೇಟೆಯ ಸಾಲು ಅಂಗಡಿಗಳಲ್ಲಿ ಒಂದು ಸುತ್ತು ಹಾಕಿದೆ. ಗೋಡೆಯ ಮೇಲೆ ವೀಣೆ, ಮೃದಂಗ, ತಂಬೂರಿಗಳ ನಡುವೆ ಕೊಳಲುಗಳು ಕಂತೆಕಂತೆಯಾಗಿದ್ದವು. ಕೈಗೆಟುಕುವ ಬೆಲೆಯವುಗಳಲ್ಲಿ ಶ್ರುತಿ ಇರಲಿಲ್ಲ, ಶ್ರುತಿಯಿದ್ದವುಗಳ ಬೆಲೆ ಕೈಗೆಟುಕಲಿಲ್ಲ. ಇದು ಅಂಗಡಿಯವರ ತಪ್ಪಲ್ಲ. ಗೆಣ್ಣಿನಿಂದ ಗೆಣ್ಣಿಗೆ ಸಾಕಷ್ಟು ಉದ್ದವಿರುವ, ತೆಳು ಗೋಡೆಯ, ನೆಟ್ಟಗಿನ ಬಿದಿರು ಎಲ್ಲ ಮೆಳೆಯಲ್ಲೂ ಸಿಗುವುದಿಲ್ಲ. ಸಿಕ್ಕರೂ ಒಣಗಿಸಬೇಕು, ಕಾದ ಸಲಾಕಿಯಿಂದ ತೂತು ಸುಡಬೇಕು, ಊದಿ ನೋಡಿ ಕೂದಲೆಳೆಯಷ್ಟು ಕೆರೆಯಬೇಕು. ಒಂದು ತೂತು ಕೊಂಚ ದೊಡ್ಡದಾದರೆ ಅಲ್ಲಿಗೆ ಮುಗಿಯಿತು, ಬಿದಿರಿಗೆ ತೇಪೆಯಿಲ್ಲ. ಇಷ್ಟೆಲ್ಲ ಶ್ರಮಕ್ಕೆ ಐನೂರು ಕೇಳಲು ನನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಕೇಳಿದೆ. ಅಂಗಡಿಯವರು ಕೇಳಿಸದಂತೆ ಮೃದಂಗದ ಧೂಳು ಒರೆಸಿದರು.

ಉಳಿದದ್ದು ಹಳೆಯ ಮಾಲು. ಮೊಬೈಲಿನಲ್ಲಿ ಒಂದು ಜಾಹೀರಾತು ಸಿಕ್ಕಿತು: 'ಕೊಳಲು, ಉತ್ತಮ ಸ್ಥಿತಿ, 800 ರೂ.' ಫೋನ್ ಮಾಡಿ, ಬಲ್ಲವನ ಗತ್ತಿನಲ್ಲಿ "ಎಷ್ಟು ಮನೆ?" ಎಂದು ಕೇಳಿದೆ. ಆ ಕಡೆಯ ಹಿರಿಯರು ಒಂದು ಕ್ಷಣ ತಡೆದು, "ಮೂರನೆಯ ಮಹಡಿಯಲ್ಲಿ ಮೂರು ಮನೆ ಇವೆ, ಎಡಗಡೆಯದು ನಮ್ಮದು" ಎಂದರು. ನಮ್ಮಿಬ್ಬರ ಸಂಗೀತಜ್ಞಾನ ಸರಿಸಮನಾಗಿದೆ ಎಂದು ಆಗಲೇ ತಿಳಿದುಕೊಳ್ಳಬೇಕಿತ್ತು.

ಭಾನುವಾರ ಪಾಠ ತಪ್ಪಿಸಿ ವಿಜಯನಗರಕ್ಕೆ ಹೋದೆ. ಹಿರಿಯರು ಕೊಳಲನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರೆ ಎರಡೂವರೆ ಅಡಿ! ಮೇಷ್ಟ್ರ ಕೊಳಲು ನನ್ನ ಮೊಳದುದ್ದವೂ ಇರಲಿಲ್ಲ. ಇಲ್ಲಿ ನನ್ನ ವೃತ್ತಿಬುದ್ಧಿ ಕೆಲಸ ಮಾಡಿತು. ಹೆಚ್ಚುಕಡಿಮೆ ದುಪ್ಪಟ್ಟು ಬಿದಿರು, ಅರ್ಧಕ್ಕಿಂತ ಕಡಿಮೆ ಬೆಲೆ. ಅಡಿ ಲೆಕ್ಕದಲ್ಲಿ ನೋಡಿದರೆ ಇಂಥ ವ್ಯಾಪಾರ ಜನ್ಮಕ್ಕೊಂದು. ಹರ್ಷ ಮುಖದ ಮೇಲೆ ಕಾಣದಂತೆ ಹುಬ್ಬು ಗಂಟಿಕ್ಕಿ ತೂತು ಎಣಿಸಿದೆ. ಒಂದು, ಎರಡು, ಮೂರು... ಎಂಟು. ಆ ಕಡೆಯಿಂದ ಇನ್ನೊಮ್ಮೆ ಎಣಿಸಿ ತಾಳೆ ನೋಡಿದೆ. ಎಂಟೇ.

"ಊದಿ ನೋಡಿ" ಎಂದರು ಹಿರಿಯರು. ಊದಿದೆ. ಗಾಳಿ. "ನೀವೇ ಒಮ್ಮೆ ಊದಿ ತೋರಿಸಿ" ಎಂದೆ. ಅವರೂ ಊದಿದರು. ಅವರದೂ ಗಾಳಿ, ನನ್ನದಕ್ಕಿಂತ ತುಸು ದೀರ್ಘ. ಹೀಗೆ ಹತ್ತು ನಿಮಿಷ, ಮೀಸೆ ನರೆತ ಇಬ್ಬರು ಗಂಡಸರು ಸರದಿಯ ಮೇಲೆ ಒಂದು ಬಿದಿರಿಗೆ ಗಾಳಿ ಹಾಕಿದೆವು. ಕೊನೆಗೆ ಅವರೇ, "ನನ್ನ ಮಗ ಊದುತ್ತಿದ್ದ. ಈಗ ಇಂಜಿನಿಯರಿಂಗ್ ಸೇರಿದ" ಎಂದರು, ಬಾಲಗ್ರಹ ಬಿಟ್ಟಿತು ಎನ್ನುವ ದನಿಯಲ್ಲಿ. ಅಡುಗೆಮನೆಯಿಂದ ಹೆಂಗಸಿನ ಧ್ವನಿ ಬಂತು: "ಎಷ್ಟು ಕೇಳಿದರೆ ಅಷ್ಟಕ್ಕೆ ಕೊಟ್ಟು ಕಳಿಸಿ." ಚೌಕಾಸಿಯಲ್ಲಿ ಇಂಥ ಒಳಸಹಾಯ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. 450ಕ್ಕೆ ಮುಗಿಯಿತು. ಬಸ್ಸಿಗೆ ಹೋಗಿ ಬರಲು 40. ಮಂಜೂರಾದ ಹಣದಲ್ಲಿ 10 ರೂಪಾಯಿ ಉಳಿತಾಯ.

ಚೀಲದಿಂದ ಅರ್ಧ ಹೊರಚಾಚಿದ ಆ ಕೊಳಲು ವಾಪಸ್ ಬರುವ ಬಸ್ಸಿನಲ್ಲಿ ಇಬ್ಬರ ಪಕ್ಕೆಗೆ ತಿವಿದು, ಒಬ್ಬರ ಕನ್ನಡಕ ಬೀಳಿಸಿತು. ನಿಜವಾದ ವಿಘ್ನ ಕಾದಿದ್ದು ಮನೆಯ ಹೊಸ್ತಿಲಲ್ಲಿ.

"ಹೊಸದೇ?" ಎಂದು ಕೇಳಿದಳು ಅಮ್ಮ.

"ಅಲ್ಲ. ಸೆಕೆಂಡ್ ಹ್ಯಾಂಡ್."

"ಹಾಗಾದರೆ ಯಾರು ಊದಿದ್ದು?"

"ಯಾರೋ ಒಬ್ಬ ಹುಡುಗ."

"ಯಾವ ಹುಡುಗ?"

ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅವನೊಬ್ಬ ಎನ್ನುವುದಕ್ಕಿಂತ ಹೆಚ್ಚಿನ ವಿವರ ನನ್ನಲ್ಲಿರಲಿಲ್ಲ. ಅಮ್ಮನ ಪ್ರಪಂಚದಲ್ಲಿ ಹಳೆಯ ಕುರ್ಚಿ ಬರಬಹುದು, ಹಳೆಯ ಸ್ಕೂಟರ್ ಬರಬಹುದು, ಬಂಧುಗಳ ಮಕ್ಕಳ ಹಳೆಯ ಬಟ್ಟೆಯನ್ನಂತೂ ನಾನು ಏಳನೆಯ ತರಗತಿಯವರೆಗೆ ತೊಟ್ಟಿದ್ದೇನೆ. ಆದರೆ ಇನ್ನೊಬ್ಬರು ಬಾಯಿಗಿಟ್ಟದ್ದು ಬರುವ ಹಾಗಿಲ್ಲ. ಅದು ಎಂಜಲು. ಲೋಟವನ್ನು ಎತ್ತಿ, ತುಟಿಗೆ ತಗಲದಂತೆ ನೀರು ಕುಡಿಯುವುದನ್ನು ನನಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿಸಿದವಳು ಆಕೆ. ಕೊಳಲನ್ನೂ ಹಾಗೆಯೇ ಎತ್ತಿ ಊದಲು ಬರುವುದಿಲ್ಲವೇ ಎಂದು ಕೇಳಿದಳು.

ನಾನು ಪುರಾಣಕ್ಕೆ ಕೈಹಾಕಿದೆ. "ಶಬರಿ ಕಚ್ಚಿ ಕೊಟ್ಟ ಹಣ್ಣನ್ನು ರಾಮ ತಿನ್ನಲಿಲ್ಲವೇನಮ್ಮ?"

"ಅವನು ದೇವರು, ಅವನಿಗೆ ಜೀರ್ಣವಾಗುತ್ತದೆ. ನಿನಗೆ ಮೊನ್ನೆಯ ಚಿತ್ರಾನ್ನವೇ ಜೀರ್ಣವಾಗಲಿಲ್ಲ."

"ಹೋಗಲಿ, ಕೃಷ್ಣನ ಕೊಳಲು? ಅದೂ ಎಂಜಲೇ ತಾನೇ?"

"ಅವನು ಸೆಕೆಂಡ್ ಹ್ಯಾಂಡ್ ತಂದಿರಲಿಲ್ಲ."

ಇದಕ್ಕೆ ಯಾವ ದಾಸರೂ ಉತ್ತರ ಬರೆದಿಟ್ಟಂತಿಲ್ಲ. ಹೆಂಡತಿಯ ಮುಖ ನೋಡಿದೆ. ಆಕೆ ಅಟ್ಟದ ಕಡೆ ನೋಡಿದಳು.

ಸೋಮವಾರ ಸಂಜೆ ಕಚೇರಿಯಿಂದ ಬರುವಷ್ಟರಲ್ಲಿ ಸಮಸ್ಯೆ ಬಗೆಹರಿದಿತ್ತು. ಅಮ್ಮ ಹಂಡೆಯಲ್ಲಿ ನೀರು ಕುದಿಸಿ, ಅರಿಸಿನ ಉಪ್ಪು ಹಾಕಿ, ಕೊಳಲನ್ನು ಒಂದು ಗಂಟೆ ಅದ್ದಿಟ್ಟು, ಹುಣಸೆಹಣ್ಣಿನಲ್ಲಿ ತಿಕ್ಕಿ, ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಹಾಕಿದ್ದಳು. ಕೊಳಲು ಮದುವಣಗಿತ್ತಿಯಂತೆ ಹಳದಿಯಾಗಿತ್ತು. "ಈಗ ಊದು, ಶುದ್ಧವಾಯಿತು" ಎಂದಳು. ಎತ್ತಿಕೊಂಡು ನೋಡಿದರೆ ಕೆಳತುದಿಯಿಂದ ನಾಲ್ಕು ಬೆರಳಿನಷ್ಟು ಮೇಲಕ್ಕೆ ಕೂದಲಿನಂಥ ಬಿರುಕು.

ಬಿದಿರು ನೀರು ಕುಡಿದರೆ ಉಬ್ಬುತ್ತದೆ. ಬಿಸಿಲಿಗೆ ಹೊರಮೈ ಒಣಗಿ ಬಿಗಿಯುತ್ತದೆ, ಒಳಮೈ ಹಸಿಯಾಗಿಯೇ ಇರುತ್ತದೆ. ಈ ಜಗ್ಗಾಟದಲ್ಲಿ ನಾರಿನುದ್ದಕ್ಕೂ ಸೀಳುತ್ತದೆ. ಕೊಳಲಿಗೆ ನೀರು ತೋರಿಸದೆ, ಆಗಾಗ ಎಣ್ಣೆಯ ಪಸೆ ಸವರಿ ನೆರಳಲ್ಲಿಡುವುದು ಅದಕ್ಕಾಗಿಯೇ. ಸಂಡಿಗೆಗೆ ಹಿತವಾದದ್ದೆಲ್ಲ ಕೊಳಲಿಗೆ ಹಿತವಲ್ಲ ಎಂಬ ಈ ತಿಳಿವಳಿಕೆ ನನಗೆ ಬಂದದ್ದು ಮಂಗಳವಾರ. ಬುಧವಾರ 20 ರೂಪಾಯಿಯ ಮೇಣ, 10 ರೂಪಾಯಿಯ ದಾರ ತಂದೆ. ಬಿರುಕಿಗೆ ಮೇಣ ತುಂಬಿ, ಮೇಲೆ ದಾರವನ್ನು ಒತ್ತೊತ್ತಾಗಿ ಬಿಗಿದು ಕಟ್ಟಿದೆ. ಉಳಿದಿದ್ದ ಹತ್ತೂ ಹೋಗಿ ಇನ್ನೊಂದು ಇಪ್ಪತ್ತು ಕೈಯಿಂದ ಬಿತ್ತು. ಹೆಚ್ಚುವರಿ ಖರ್ಚಿನ ಕಡತವನ್ನು ಹೆಂಡತಿಯ ಮುಂದೆ ಮಂಡಿಸುವ ಧೈರ್ಯ ಸಾಲದೆ, ಅದನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಿದೆ.

ಭಾನುವಾರ ಅರಿಸಿನ ಮೆತ್ತಿದ, ಕಾಲಿಗೆ ಪಟ್ಟಿ ಕಟ್ಟಿದ ಆ ಎರಡೂವರೆ ಅಡಿಯನ್ನು ಮೇಷ್ಟ್ರ ಮುಂದಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ಎಣಿಸಿದಿರಾ?"

"ಎರಡು ಸಲ, ಮೇಷ್ಟ್ರೇ. ಎಂಟಿವೆ."

"ಊದುವ ತೂತನ್ನೂ ಸೇರಿಸಿಯೇ?"

ಆ ಕ್ಷಣದಲ್ಲಿ ನನ್ನ ಇಪ್ಪತ್ತೆರಡು ವರ್ಷದ ಸೇವೆಯೆಲ್ಲ ಕಣ್ಣ ಮುಂದೆ ಹಾದುಹೋಯಿತು. ಬೆರಳಿಗೆ ಎಂಟು, ಬಾಯಿಗೊಂದು, ಒಟ್ಟು ಒಂಬತ್ತಿರಬೇಕಿತ್ತು. ನಾನು ತಂದದ್ದರಲ್ಲಿ ಬೆರಳಿಗೆ ಏಳೇ. ಅದು ಹಿಂದೂಸ್ತಾನಿ ಬಾನ್ಸುರಿ. ಅದೂ ಪನ್ನಾಲಾಲ್ ಘೋಷರ ಕ್ರಮದ್ದು ಎಂದರು. ಉತ್ತರದಲ್ಲಿ ದನಗಾಹಿಗಳ ಕೈಯಲ್ಲಿದ್ದ ಗಿಡ್ಡ ಕೊಳಲನ್ನು ಖಯಾಲ್ ಗಾಯನದ ಗಾಂಭೀರ್ಯಕ್ಕೆ ಒಗ್ಗುವಂತೆ ಉದ್ದ ಮಾಡಿ, ಕೆಳಗೆ ಏಳನೆಯ ತೂತು ಸೇರಿಸಿದವರು ಅವರು. ಬದುಕಿದ್ದು 1911ರಿಂದ 1960ರವರೆಗೆ ಮಾತ್ರ. ಇದರಲ್ಲಿ ಷಡ್ಜಕ್ಕೆ ಮೂರು ಬೆರಳು ಮುಚ್ಚಬೇಕು, ನಮ್ಮದರಲ್ಲಿ ಎರಡು. ಶ್ರುತಿಯೂ ಮೂರು ಮನೆ. ವಿಜಯನಗರದ ಹಿರಿಯರು ಫೋನಿನಲ್ಲಿ ಗೊತ್ತಿಲ್ಲದೆಯೇ ಸತ್ಯ ನುಡಿದಿದ್ದರು!

"ಅಲ್ಲ ಮೇಷ್ಟ್ರೇ, ನಮ್ಮ ಕೊಳಲಿನ ಎಂಟನೆಯ ತೂತಿಗೆ ಯಾವ ಬೆರಳು?" ಎಂದು ಕೇಳಿದೆ, ಸೋಲು ಒಪ್ಪದೆ.

"ಅದನ್ನು ಸಾಮಾನ್ಯವಾಗಿ ಮುಚ್ಚುವುದಿಲ್ಲ. ತೆರೆದೇ ಇರುತ್ತದೆ."

ಮುಚ್ಚದ ಒಂದು ತೂತಿಗಾಗಿ ನಾನು ಈ ಪಾಡು ಪಟ್ಟಿದ್ದೆ. ಕೊಳಲನ್ನು ಸಂಗೀತ ಕಛೇರಿಯ ವೇದಿಕೆಗೆ ತಂದ ಕುಂಭಕೋಣದ ಶರಭ ಶಾಸ್ತ್ರಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಮೇಷ್ಟ್ರು ಮೊದಲ ದಿನ ಹೇಳಿದ್ದು ಹುರಿದುಂಬಿಸಲಿಕ್ಕೆ. ಅವರಿಗೆ ಒಂದು ತೂತೂ ತಪ್ಪಲಿಲ್ಲ. ಹೊಸ ಕನ್ನಡಕ ಹಾಕಿಕೊಂಡ ನನಗೆ ತಪ್ಪಿತು. ಇಲ್ಲಿಗೆ ಸಾಕು ಬಿಟ್ಟುಬಿಡುತ್ತೇನೆ ಎಂದೆ. "ಕಛೇರಿಯ ನಡುವೆಯೇ ಎದ್ದುಹೋಗುವುದು ಕೊಳಲಿನ ದೊಡ್ಡ ವಿದ್ವಾಂಸ ಮಾಲಿಯವರಿಗೆ ಒಪ್ಪುತ್ತಿತ್ತು. ಅವರು ಅಷ್ಟರಲ್ಲಿ ಊದಿರುತ್ತಿದ್ದರು. ನೀವಿನ್ನೂ ಊದಿಲ್ಲ" ಎಂದರು ಮೇಷ್ಟ್ರು.

ಹಾಗೆನ್ನುತ್ತಲೇ ನನ್ನ ಕೊಳಲನ್ನು ಪಂಚೆಯಲ್ಲಿ ಒರೆಸಿಕೊಂಡು ತುಟಿಗಿಟ್ಟರು. ಬೆರಳನ್ನು ಒಂದೆರಡು ಸಲ ಅತ್ತಿತ್ತ ಸರಿಸಿ ಜಾಗ ಹುಡುಕಿದರು. ಆಮೇಲೆ ಬಂದ ನಾದವನ್ನು ಹೇಗೆ ಹೇಳಲಿ? ಮಳೆಗಾಲದಲ್ಲಿ ಕಣಿವೆಯ ಆಚೆಯಿಂದ ಯಾರೋ ಕರೆದಂತೆ, ತಗ್ಗಿನ, ತೇವದ ಧ್ವನಿ. ನಾನು ಕಟ್ಟಿದ ದಾರ ಒಂದಿಷ್ಟೂ ಗಾಳಿ ಬಿಡಲಿಲ್ಲ. ಎರಡು ನಿಮಿಷ ಊದಿ ಇಳಿಸಿದಾಗ ಅವರ ತುಟಿಯ ಮೇಲೆ ಅರಿಸಿನವಿತ್ತು.

"ಬಿದಿರು ಒಳ್ಳೆಯದು. ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮಗಳು ಹಿಂದೂಸ್ತಾನಿ ಕಲಿಯುತ್ತಿದ್ದಾಳೆ, ಇದನ್ನು ಅವಳಿಗೆ ಕೊಡಿ. ಬದಲಿಗೆ ನಾನು ಅಭ್ಯಾಸ ಮಾಡುತ್ತಿದ್ದ ಹಳೆಯದನ್ನು ನೀವು ಇಟ್ಟುಕೊಳ್ಳಿ" ಎಂದು ಮೊಳಕ್ಕಿಂತ ಗಿಡ್ಡದೊಂದನ್ನು ಕೈಗಿಟ್ಟರು. ಮೂವತ್ತು ವರ್ಷ ಊದಿ ಊದಿ ಬಾಯಿಡುವ ಜಾಗ ಕಪ್ಪಾಗಿ ನುಣುಪಾಗಿತ್ತು. ಈ ಸಲ ಬಹಿರಂಗವಾಗಿಯೇ, ಬೆರಳಿಟ್ಟು, ಒಂಬತ್ತು ಎಣಿಸಿದೆ.

ದಾರಿಯುದ್ದಕ್ಕೂ ಅಮ್ಮನಿಗೆ ಏನು ಹೇಳಲಿ ಎಂಬುದೇ ಚಿಂತೆ. ಆ ಹುಡುಗ ಊದಿದ್ದು ಎರಡೋ ಮೂರೋ ವರ್ಷವಿರಬೇಕು. ಇದು ಮೂವತ್ತು ವರ್ಷದ ಎಂಜಲು. ಹಂಡೆ ಸಾಲದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಗುರುಗಳು ಊದುತ್ತಿದ್ದದ್ದೇ?" ಎಂದಳು ಅಮ್ಮ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಗುರುಗಳದು ಎಂಜಲಾಗುತ್ತದೆಯೇ, ಪ್ರಸಾದ ಅದು." ಹಂಡೆಗೆ ನೀರು ಬೀಳಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಟ್ಟೆ ಬದಲಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು, ಅಭ್ಯಾಸಕ್ಕೆಂದು ಎದ್ದು ಬಂದೆ.

ಕೊಳಲು ದೇವರ ಮನೆಯಲ್ಲಿತ್ತು. ಕೃಷ್ಣನ ಪಟದ ಮುಂದೆ ಬೆಳ್ಳಿಯ ತಟ್ಟೆಯಲ್ಲಿ, ಕುಂಕುಮವಿಟ್ಟುಕೊಂಡು, ತುಳಸಿಯ ಮೇಲೆ ಮಲಗಿತ್ತು. ಕೈಚಾಚಿದೆ.

"ಮುಟ್ಟಬೇಡ" ಎಂದಳು ಅಮ್ಮ, ಬತ್ತಿ ಹೊಸೆಯುತ್ತ. "ಪೂಜೆಗಿಟ್ಟದ್ದು. ನೀನು ಬಾಯಿ ಹಾಕಿದರೆ ಎಂಜಲಾಗುತ್ತದೆ."