ಜರ್ನಲ್ ಅಂತ ಹೆಸರಿದ್ರೆ ಸಾಕಾ, ಒಳಗೇನಿದೆ ಅಂತ ನೋಡೋದು ಬೇಡ್ವಾ

ಹೊಟ್ಟೆ ಉರೀತಿದೆ ಕಣ್ರೀ. ಪಿಜಿ ಅಸೈನ್‌ಮೆಂಟು, ವಿಷಯ ಕೋಲಾರ ಜಿಲ್ಲೆಯ ಜನಸಂಖ್ಯೆ ಮತ್ತೆ ನೀರಿನ ಸಮಸ್ಯೆ. ಸೆನ್ಸಸ್‌ನವರ ಜಿಲ್ಲಾ ಹ್ಯಾಂಡ್‌ಬುಕ್ಕು, ಕೇಂದ್ರ ಅಂತರ್ಜಲ ಮಂಡಳಿ ವರದಿ ಎಲ್ಲಾ ಡೌನ್‌ಲೋಡ್ ಮಾಡಿ, ಒಂದೊಂದು ಅಂಕಿಗೂ ಪೇಜ್ ನಂಬರ್ ಹಾಕಿ ಕೊಟ್ಟೆ, 'ಇವೆಲ್ಲ ಜರ್ನಲ್ ಅಲ್ಲಮ್ಮ, ಇಂಟರ್‌ನ್ಯಾಷನಲ್ ರೆಫರೆನ್ಸ್ ಎಲ್ಲಿ' ಅಂತ ಲೆಕ್ಚರರ್ ಮಾರ್ಕ್ಸ್ ಕತ್ತರಿಸಿದ್ರು.

ಅದೇ ಕ್ಲಾಸಲ್ಲಿ ಇನ್ನೊಬ್ಬರ ಸೆಮಿನಾರು. ಸ್ಲೈಡಲ್ಲಿ ದೊಡ್ಡದಾಗಿ, 2001ರಲ್ಲಿ ಕೋಲಾರ ಜಿಲ್ಲೆ ಜನಸಂಖ್ಯೆ 25 ಲಕ್ಷ, 2011ರಲ್ಲಿ 15 ಲಕ್ಷ, ನೀರಿಲ್ದೆ ಹತ್ತು ಲಕ್ಷ ಜನ ಊರು ಬಿಟ್ಟವ್ರೆ ಅಂತ. ಕೆಳಗಡೆ ಯಾವುದೋ ಇಂಟರ್‌ನ್ಯಾಷನಲ್ ಜರ್ನಲ್ ಹೆಸರು. ಅಲ್ರೀ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತಲ್ವಾ? ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ಎಲ್ಲಾ ಆ ಕಡೆ ಹೋದ್ವು. 2011ರಲ್ಲಿ ಅಲ್ಲಿ 12.55 ಲಕ್ಷ ಜನ, ಇಲ್ಲಿ 15.36 ಲಕ್ಷ, ಎರಡೂ ಕೂಡಿಸಿದ್ರೆ ಹೆಚ್ಚೇ ಆಗಿದೆ ಹೊರತು ಕಮ್ಮಿ ಆಗಿಲ್ಲ! ಕೋಲಾರದಲ್ಲೇ ಕೂತು ಪಾಠ ಮಾಡೋ ಒಬ್ಬರಿಗೂ ಇದು ಹೊಳೀಲಿಲ್ಲ, ಚಪ್ಪಾಳೆ ಬೇರೆ, ಫುಲ್ ಮಾರ್ಕ್ಸ್ ಬೇರೆ.

ಆ ಜರ್ನಲ್ ವೆಬ್‌ಸೈಟ್ ತೆಗೆದು ನೋಡಿದೆ. ದುಡ್ಡು ಕಟ್ಟಿದ್ರೆ ವಾರದೊಳಗೆ ಪ್ರಿಂಟು ಅಂತ ಮುಖಪುಟದಲ್ಲೇ ಹಾಕ್ಕೊಂಡವ್ರೆ, ಇಂಜಿನಿಯರಿಂಗೂ ಅಲ್ಲೇ, ಆಯುರ್ವೇದನೂ ಅಲ್ಲೇ, ಕನ್ನಡ ಸಾಹಿತ್ಯನೂ ಅಲ್ಲೇ. ಇದನ್ನ ಯಾರು ಓದಿ ತಿದ್ದಿರ್ತಾರೆ ಹೇಳಿ?

ಕುಡಿಯೋ ನೀರಲ್ಲಿರೋ ಫ್ಲೋರೈಡ್ ಕಥೆನೂ ಇದೇ. ಒಂದು ಸೈಟಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಮಿತಿ ಅಂತಾರೆ, ಇನ್ನೊಂದ್ರಲ್ಲಿ 1.5, ಎಲ್ಲಿಂದ ತಗೊಂಡ್ರು ಅಂತ ಇಬ್ರೂ ಬರೆಯಲ್ಲ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಕುಡಿಯೋ ನೀರಿನ ಮಾನದಂಡ ಐಎಸ್ 10500 ತೆಗೆದ್ರೆ ಎರಡೂ ಅದರಲ್ಲೇ ಇದೆ, ಒಪ್ಪುವಂಥದ್ದು 1, ಬೇರೆ ನೀರೇ ಸಿಗಲ್ಲ ಅಂದ್ರೆ ಮಾತ್ರ 1.5. ಫ್ಲೋರೈಡ್ ಜಾಸ್ತಿ ಆಗಿ ನಮ್ಮೂರ ಮಕ್ಕಳ ಹಲ್ಲು ಹಳದಿ ಕಟ್ಟಿರೋ ವಿಷಯ ಇದು, ಕಾಪಿ ಪೇಸ್ಟ್ ಮಾಡಿ ಬಿಸಾಕೋದಲ್ಲ.

ಯಾವ ಮೂಲ ನಂಬಬೇಕು, ಯಾವುದು ಬೇಡ ಅಂತ ಒಂದೇ ಒಂದು ಪೀರಿಯಡ್ ಪಾಠ ಮಾಡಿಲ್ಲ ಇವ್ರು. ಮಾಡಿದ್ದು 'ಹತ್ತು ರೆಫರೆನ್ಸ್ ಇರ್ಬೇಕು' ಅಂತ ಆರ್ಡರ್ ಅಷ್ಟೇ. ಅದಕ್ಕೇ ಅರ್ಧ ಕ್ಲಾಸು ಎಐ ಹತ್ರ ಕೇಳಿ, ಲೇಖಕರು, ವರ್ಷ, ಸಂಪುಟ ಎಲ್ಲಾ ಇರೋ ಆದ್ರೆ ಹುಡುಕಿದ್ರೆ ಎಲ್ಲೂ ಇಲ್ಲದ ಪೇಪರ್‌ಗಳನ್ನ ಪಟ್ಟಿ ಮಾಡಿ ಕೊಟ್ಟಿದೆ, ಅದೂ ಪಾಸ್.

ಹ್ಯಾಂಡ್‌ಬುಕ್ ಪ್ರಿಂಟ್ ತಗೊಂಡು ಹೋಗಿ ತೋರಿಸ್ದೆ. ತೆಗೆದೂ ನೋಡ್ಲಿಲ್ಲ, ಇಂಟರ್ನಲ್ಸ್ ಮಾರ್ಕ್ಸ್ ಆಗ್ಲೇ ಅಪ್‌ಲೋಡ್ ಆಗಿದೆಯಂತೆ.